ಕಡಲ ನೀರುನಾಯಿಗಳ ‘ಹಿಸ್ಟಾರಿಕ್ ರೇಂಜ್’: ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಕ್ಯಾಲಿಫೋರ್ನಿಯಾದ ಕಡಲ ನೀರುನಾಯಿಗಳಿಗೆ ಇರುವ ಕಾನೂನಿನ ರಕ್ಷಣೆ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಹಿಸ್ಟಾರಿಕ್ ರೇಂಜ್’, ಅಂದರೆ ಒಂದು ಪ್ರಾಣಿ ಹಿಂದೆ ಬದುಕಿದ್ದ ಇಡೀ ಪ್ರದೇಶ, ಅನ್ನುವಲ್ಲಿ ಬಂದು ನಿಂತುಬಿಟ್ಟಿದ್ದೇನೆ. ‘ಐತಿಹಾಸಿಕ ವ್ಯಾಪ್ತಿ’ ಅಂತ ಬರೆದರೆ ಕೋಟೆ ಕೊತ್ತಲ ನೆನಪಾಗುತ್ತದೆ, ನೀರುನಾಯಿ ಕಣ್ಣಿಗೆ ಬರುವುದೇ ಇಲ್ಲ.

ಸಂದರ್ಭ ಹೇಳಿಬಿಡುತ್ತೇನೆ. ಒಂದು ಕಾಲಕ್ಕೆ ಕಡಲ ನೀರುನಾಯಿಗಳು ಜಪಾನಿನ ಉತ್ತರದಿಂದ ಹಿಡಿದು, ಅಲಾಸ್ಕಾ ಬಳಸಿ, ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾವರೆಗೂ ಇದ್ದವು. ತುಪ್ಪಳದ ಆಸೆಗೆ ಕೊಂದು ಕೊಂದು, 1911ರಲ್ಲಿ ದೇಶಗಳ ನಡುವೆ ಆದ ಒಪ್ಪಂದದಿಂದ ಬೇಟೆ ನಿಲ್ಲುವ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಉಳಿದಿದ್ದು ಬಿಗ್ ಸರ್ ಅನ್ನುವ ಕರಾವಳಿಯ ಹತ್ತಿರದ ಸುಮಾರು 50 ಮಾತ್ರ. 1977ರಲ್ಲಿ ಅಮೆರಿಕದ ಅಳಿವಿನಂಚಿನ ಜೀವಿಗಳ ಕಾಯ್ದೆಯಡಿ ಇವಕ್ಕೆ ರಕ್ಷಣೆ ಸಿಕ್ಕಿತು. ಎಲ್ಲವೂ ಒಂದೇ ಕಡೆ ಇದ್ದರೆ ಒಂದು ಎಣ್ಣೆ ಸೋರಿಕೆಗೇ ಮುಗಿದುಹೋಗಬಹುದು ಅಂತ, 1987ರಿಂದ 140 ನೀರುನಾಯಿಗಳನ್ನು ದಕ್ಷಿಣ ಕ್ಯಾಲಿಫೋರ್ನಿಯಾದ ಸ್ಯಾನ್ ನಿಕೋಲಸ್ ದ್ವೀಪಕ್ಕೆ ಒಯ್ದು ಬಿಟ್ಟರು. ಎಷ್ಟೋ ಪ್ರಾಣಿಗಳು ಈಜಿಕೊಂಡು ವಾಪಸ್ ಬಂದವು.

ಇವು ಕಡಲಬಸವನ, ಕಡಲ ಮುಳ್ಳುಚೆಂಡು ಎಲ್ಲ ತಿಂದುಬಿಡುತ್ತವೆ ಅಂತ ಮೀನುಗಾರರಿಗೆ ಆತಂಕ. ಅವರ ಸಲುವಾಗಿ ಪಾಯಿಂಟ್ ಕನ್ಸೆಪ್ಷನ್ ಅನ್ನುವ ಭೂಶಿರದಿಂದ ದಕ್ಷಿಣಕ್ಕೆ, ಆ ದ್ವೀಪದ ಸುತ್ತಮುತ್ತಲಿನ ನೀರು ಬಿಟ್ಟು, ಉಳಿದ ಕಡಲನ್ನು ‘ನೋ ಆಟರ್ ಜೋನ್’ ಮಾಡಿದರು. ನನ್ನ ಮೊದಲ ಕರಡಿನಲ್ಲಿ ಇದು ‘ನೀರುನಾಯಿ ಇಲ್ಲದ ವಲಯ’ ಆಗಿತ್ತು. ಅದು ತಪ್ಪು, ಅಲ್ವಾ? ಅದು ‘ನೀರುನಾಯಿ ಇರಕೂಡದ ವಲಯ’. ಅಲ್ಲಿಗೆ ಹೋದವನ್ನು ಹಿಡಿದು ಉತ್ತರಕ್ಕೆ ಸಾಗಿಸುತ್ತಿದ್ದರು. ಮೀನು ಹಿಡಿಯುವಾಗ ಅಲ್ಲಿ ಅಕಸ್ಮಾತ್ ಒಂದು ಸತ್ತರೆ ಅಪರಾಧವೂ ಆಗಿರಲಿಲ್ಲ. ಅದೇ ಪ್ರಾಣಿ, ಗೆರೆಯ ಆಚೆಗೆ ಒಂದು ಕಾನೂನು, ಈಚೆಗೆ ಇನ್ನೊಂದು. ಆ ಗೆರೆಯ ದಕ್ಷಿಣವೂ ಅವುಗಳದ್ದೇ ಜಾಗ. ಇದಕ್ಕೆ ನಮ್ಮಲ್ಲಿ ಸರಿಯಾದ ಮಾತಿದೆ: ಒಕ್ಕಲೆಬ್ಬಿಸುವುದು. 2012ರ ಕೊನೆಗೆ ಆ ವಲಯವನ್ನು ರದ್ದು ಮಾಡಿದರು.

ಆದ್ದರಿಂದಲೇ ಪದದ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡಿರುವುದು. ‘ದಕ್ಷಿಣಕ್ಕೆ ವಲಸೆ ಬಂದವು’ ಅಂತ ಬರೆದರೆ ಅವು ಹೊರಗಿನಿಂದ ಬಂದವು ಅಂತಾಗುತ್ತದೆ. ‘ತವರಿಗೆ ಮರಳಿದವು’ ಅನ್ನೋಣ ಅಂದರೆ, ತವರಿಗೆ ಹೋದವಳು ನಾಲ್ಕು ದಿನ ಇದ್ದು ಹೊರಡುತ್ತಾಳೆ. ಇವು ಇರೋಕೆ ಬಂದಿವೆ.

ಕಂಪ್ಲಿ ಹತ್ತಿರ ತುಂಗಭದ್ರೆಯ ದಂಡೆಯಲ್ಲಿ ಒಮ್ಮೆ ಒಬ್ಬ ಹರಿಗೋಲಿನವರನ್ನು ನೀರುನಾಯಿ ಎಲ್ಲಿ ಕಾಣುತ್ತವೆ ಅಂತ ಕೇಳಿದ್ದೆ. ಹುಟ್ಟನ್ನು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡು, ಬಂಡೆಗಳ ನಡುವಿನ ಒಂದು ಮಡುವಿನ ಕಡೆ ಗದ್ದ ಎತ್ತಿ ತೋರಿಸಿದರು. ‘ಅದು ಅವುಗಳ ಠಾವು ರೀ. ಈಗ ಕೆಳಗ ಹೋಗ್ಯಾವು, ಮತ್ತ ಬರ್ತಾವ’ ಅಂದರು. ಪ್ರಾಣಿ ಕಣ್ಣ ಮುಂದೆ ಇಲ್ಲ, ಆದರೂ ಜಾಗ ಅದರದ್ದೇ. ನನಗೆ ಬೇಕಾದ ಅರ್ಥ ಪೂರ್ತಿ ಅದರಲ್ಲಿದೆ. ತೊಂದರೆ ಅಂದರೆ, ಠಾವು ಅನ್ನುವುದು ಒಂದು ಮಡು, ಒಂದು ಬಂಡೆಯ ಅಳತೆಗೆ ಸರಿ. ನೂರಾರು ಮೈಲಿ ಕರಾವಳಿಗೆ ಹೊಂದುತ್ತದಾ?

ಸದ್ಯಕ್ಕೆ ‘ಹಳೆಯ ನೆಲೆ’ ಅಂತ ಇಟ್ಟುಕೊಂಡಿದ್ದೇನೆ. ‘ಹಳೆಯ ನೆಲೆಗೆ ಮರಳುತ್ತಿರುವ ನೀರುನಾಯಿಗಳು’ ಅಂತ ಜೋರಾಗಿ ಓದಿದರೆ ಕಿವಿಗೆ ಸರಿ ಕೇಳಿಸುತ್ತದೆ. ಆದರೆ ‘ಹಳೆಯ’ ಅಂದಾಗ ‘ಬಿಟ್ಟುಹೋದ’ ಅನ್ನುವ ಛಾಯೆ ಬರುತ್ತದಾ ಅಂತ ಅನುಮಾನ. ‘ಮೂಲ ನೆಲೆ’ ಅಂದರೆ ಹುಟ್ಟಿದ್ದೇ ಅಲ್ಲಿ ಅಂತಾಗುತ್ತದೆ.

ಇನ್ನೊಂದು ಸಣ್ಣ ಪ್ರಶ್ನೆ. ಆ ಅಳಿವಿನಂಚಿನ ಜೀವಿಗಳ ಕಾಯ್ದೆ ನಿಷೇಧಿಸುವ ‘ಟೇಕ್’ ಅಂದರೆ ಕೊಲ್ಲುವುದಷ್ಟೇ ಅಲ್ಲ. ಬೆನ್ನಟ್ಟುವುದು, ಹಿಡಿಯುವುದು, ಕಾಟ ಕೊಡುವುದು ಎಲ್ಲ ಸೇರಿ ಒಂದೇ ಪದ. ‘ಬೇಟೆ’ ಸಾಲದು. ‘ಬಾಧಿಸುವುದು’ ನಡೆಯುತ್ತದಾ?

ಕರಾವಳಿ ಕಡೆಯವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ: ಒಂದು ಜಾತಿಯ ಮೀನು ಕೆಲವು ವರ್ಷ ಕಾಣದೆ ಹೋಗಿ, ಮತ್ತೆ ಅದೇ ನೀರಿಗೆ ಬಂದಾಗ ನಿಮ್ಮಲ್ಲಿ ಏನಂತಾರೆ?