"ಡಿಲೇ"ಗೆ "ವಿಳಂಬ" ಸಾಕಾ? ಕರ್ನಲ್ ಟಿಪ್ಪಣಿಗೆ ಒಂದು ಪದ ಬೇಕಾಗಿದೆ

ಎಲ್ಲರಿಗೂ ನಮಸ್ಕಾರ.

ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಒಳಗಿನ ಆರ್‌ಸಿಯು (ರೀಡ್-ಕಾಪಿ-ಅಪ್‌ಡೇಟ್, ಅಂದರೆ ಹಲವರು ಒಟ್ಟಿಗೆ ಬಳಸುವ ಮಾಹಿತಿಯನ್ನು ಓದುವ, ಬದಲಾಯಿಸುವ ಒಂದು ವಿಧಾನ) ಬಗ್ಗೆ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ, ಹೊಸದಾಗಿ ಕೆಲಸಕ್ಕೆ ಸೇರಿದವರಿಗಾಗಿ. 2017ರಲ್ಲಿ ಆದ ಒಂದು ಚಿಕ್ಕ ಬದಲಾವಣೆಯ ಹತ್ತಿರ ಬಂದು ನಿಂತುಬಿಟ್ಟೆ. ಡಿಲೇ ಅನ್ನೋ ಪದಕ್ಕೆ "ವಿಳಂಬ" ಅಂತ ಬರೆದಿದ್ದೆ. ಓದಿದ ಹುಡುಗಿ ತಕ್ಷಣ ಕೇಳಿದಳು: "ಸರ್, ಇಷ್ಟು ವಿಳಂಬ ಆಗ್ತಿದ್ರೆ ಯಾರೂ ಸರಿ ಮಾಡಿಲ್ವಾ?" ಅವಳು ಕೇಳಿದ್ದು ಸರಿಯಾಗೇ ಇದೆ. ಆ ಪದ ಹಾಗೆ ಕೇಳಿಸುತ್ತದೆ.

ವಿಷಯ ಇಷ್ಟು. ಆರ್‌ಸಿಯುನಲ್ಲಿ ಮಾಹಿತಿ ಓದುವವರು (ಮನುಷ್ಯರಲ್ಲ, ಕರ್ನಲ್ಲಿನ ಕೋಡ್ ಭಾಗಗಳು) ಬೀಗ ಹಾಕುವುದಿಲ್ಲ. ಬದಲಾಯಿಸುವವರು ಹೊಸ ಪ್ರತಿ ಮಾಡಿ ಮುಂದಿಡುತ್ತಾರೆ, ಹಳೆಯದನ್ನು ಓದುತ್ತಿದ್ದವರೆಲ್ಲ ಮುಗಿಸೋ ತನಕ ಕಾಯುತ್ತಾರೆ, ಆಮೇಲೆ ಹಳೆಯದನ್ನು ತೆಗೆಯುತ್ತಾರೆ. ಮದುವೆ ಮನೆಯ ಪಂಕ್ತಿ ನೆನಪು ಮಾಡಿಕೊಳ್ಳಿ. ಕೂತವರಲ್ಲಿ ಕೊನೆಯವರು ಏಳುವ ತನಕ ಎಲೆ ಎತ್ತುವುದಿಲ್ಲ, ಆದರೆ ಈಗ ಬಂದವರನ್ನು ಪಕ್ಕದ ಜಗಲಿಯಲ್ಲಿ ಕೂರಿಸುತ್ತಾರೆ, ಅವರು ಏಳಲಿ ಅಂತ ಯಾರೂ ಕಾಯಬೇಕಿಲ್ಲ. ಈ ಕಾಯುವ ಹೊತ್ತಿಗೇ ಗ್ರೇಸ್ ಪೀರಿಯಡ್ ಅನ್ನುವುದು. ವಿಮೆಯ ಕಾಗದದಲ್ಲಿರೋ "ರಿಯಾಯಿತಿ ಅವಧಿ" ಇಲ್ಲಿಗೆ ಒಗ್ಗಲ್ಲ, ಇಲ್ಲಿ ಯಾರೂ ಕಂತು ತಪ್ಪಿಸಿಲ್ಲ. ಸದ್ಯಕ್ಕೆ "ಕಾಯುವ ಅವಧಿ" ಅಂತ ಇಟ್ಟುಕೊಂಡಿದ್ದೇನೆ.

ಇನ್ನು ಆ ಬದಲಾವಣೆ. ಈ ಅವಧಿ ಶುರುವಾಗುವ ಮುಂಚೆ, ಶುರು ಮಾಡುವಾಗ, ಮುಗಿಸಿ ಒಪ್ಪ ಮಾಡುವಾಗ, ಮೂರು ಕಡೆಯೂ ಬೇಕಂತಲೇ ಒಂದಿಷ್ಟು ಹೊತ್ತು ನಿಲ್ಲಿಸುವ ಏರ್ಪಾಡು ಇತ್ತು. ಯಾಕೆಂದರೆ ಕೆಲವು ತಪ್ಪುಗಳು ಸಮಯದ ತುಂಬಾ ಸಣ್ಣ ಸಂದಿನಲ್ಲಿ ಅಡಗಿರುತ್ತವೆ, ಆ ಸಂದನ್ನು ಅಗಲ ಮಾಡಿದರೆ ಪರೀಕ್ಷೆಯಲ್ಲಿ ಕೈಗೆ ಸಿಗುತ್ತವೆ. ಕರ್ನಲ್ ಕಂಪೈಲ್ ಮಾಡುವಾಗ (ಕೋಡನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತರುವಾಗ) ಇದಕ್ಕೆ ಆರು ಆಯ್ಕೆಗಳಿದ್ದವು: ಪ್ರತಿ ಹಂತಕ್ಕೂ ಬೇಕೋ ಬೇಡವೋ ಅನ್ನೋದೊಂದು, ಎಷ್ಟು ಹೊತ್ತು ಅನ್ನೋದೊಂದು. ಆರನ್ನೂ ತೆಗೆದುಹಾಕಿದರು. ಬೂಟ್ ಆಗುವಾಗ, ಅಂದರೆ ಯಂತ್ರ ಶುರುವಾಗುವಾಗ, ಕೊಡುವ ಮೂರು ನಿಯತಾಂಕಗಳು ಮೊದಲೇ ಇದ್ದವು, ಅವೇ ಸಾಕು ಅಂತ. ನನಗಂತೂ ಇದು ತುಂಬಾ ಹಿಡಿಸಿತು. ಎಷ್ಟು ಹೊತ್ತು ಅನ್ನೋದನ್ನು ಬದಲಾಯಿಸಲು ಮತ್ತೆ ಕಂಪೈಲ್ ಮಾಡುತ್ತಾ ಕೂರಬೇಕಿಲ್ಲ, ಪರೀಕ್ಷೆಗೆ ಸಂಬಂಧವೇ ಇಲ್ಲದವರಿಗೆ ಈ ಪ್ರಶ್ನೆಗಳು ಕಣ್ಣಿಗೇ ಬೀಳುವುದಿಲ್ಲ.

ಈ ಕಾಯುವ ಅವಧಿ, ಬೇಕಂತ ನಿಲ್ಲಿಸುವುದು, ಇವೆರಡರ ಜೊತೆ ಮೂರನೆಯದೂ ಒಂದಿದೆ. ಕಾಯುವ ಅವಧಿ ಮುಗಿಯದೇ ಸಿಕ್ಕಿಹಾಕಿಕೊಂಡರೆ, ಬೇರೆ ಹೇಳದಿದ್ದರೆ 21 ಸೆಕೆಂಡಿಗೆ ಕರ್ನಲ್ ಎಚ್ಚರಿಕೆ ಬರೆಯುತ್ತದೆ. ಅದು ನಿಜವಾದ ತಡ, ಯಾರಿಗೂ ಬೇಡದ್ದು.

ಅಂದರೆ ಮೂರು ಥರ: ಕಾಯಲೇಬೇಕಾದ್ದು, ಬೇಕಂತ ನಿಲ್ಲಿಸಿದ್ದು, ಆಗಬಾರದ್ದು. ಮೂರಕ್ಕೂ "ವಿಳಂಬ" ಅಂದರೆ ಓದುವವರು ಮೂರನೆಯದನ್ನೇ ಹಿಡಿಯುತ್ತಾರೆ. ಸಂಗೀತದಲ್ಲಿ "ವಿಳಂಬ ಕಾಲ" ಅಂದರೆ ಹಾಡುವವರು ಬೇಕಂತಲೇ ಆರಿಸಿಕೊಂಡ ಗತಿ, ಅದು ನಿಜ. ಆದರೆ ಪತ್ರಿಕೆ ತೆರೆದರೆ ಕಾಮಗಾರಿ ವಿಳಂಬ, ಸಂಬಳ ವಿಳಂಬ. ಆ ಬಣ್ಣ ಜಾಸ್ತಿ ಗಟ್ಟಿ.

ನನಗೆ ಹೊಳೆದದ್ದು "ನಿಧಾನಿಸು". ಬಸ್ಸು ತಡ ಆಯ್ತು ಅಂದರೆ ಅದು ಯಾರ ಕೈಯಲ್ಲೂ ಇರಲಿಲ್ಲ. ಡ್ರೈವರ್ ಹಂಪ್ ಹತ್ತಿರ ನಿಧಾನಿಸಿದ ಅಂದರೆ ತಿಳಿದೇ ಮಾಡಿದ. ನಮಗೆ ಬೇಕಾದ್ದು ಈ ಎರಡನೆಯದೇ ಅಲ್ವಾ? ತೊಡಕು ಏನೆಂದರೆ ನಾಮಪದ. "3 ಜಿಫಿ ನಿಧಾನ" ಅಂತ ಬರೆದರೆ ಅರ್ಧಕ್ಕೆ ನಿಂತಂತೆ ಕೇಳಿಸುತ್ತದೆ. (ಜಿಫಿ ಅಂದರೆ ಕರ್ನಲ್ ಗಡಿಯಾರದ ಒಂದು ಬಡಿತ, ಸೆಕೆಂಡಿಗೆ 250 ಬಡಿತ ಇಟ್ಟಿದ್ದರೆ 4 ಮಿಲಿಸೆಕೆಂಡ್.) "ನಿಧಾನಿಕೆ" ಅಂತ ಸುಮ್ನೆ ಕಟ್ಟಿಬಿಡಬಹುದು, ಆದರೆ ಬಾಯಲ್ಲಿ ನಿಲ್ಲುತ್ತಾ ಗೊತ್ತಾಗುತ್ತಿಲ್ಲ. "ತಾಳಿಕೆ"ಗೆ ಬಾಳಿಕೆ ಅನ್ನೋ ಅರ್ಥ ಆಗಲೇ ಇದೆ, ಹಾಗಾಗಿ ಬಿಟ್ಟೆ.

ನನ್ನ ಸಾಲು ಈಗ ಹೀಗಿದೆ: "ಪ್ರತಿ ಹಂತದಲ್ಲೂ ಎಷ್ಟು ಜಿಫಿ ನಿಧಾನಿಸಬೇಕು ಅನ್ನೋದನ್ನು ಬೂಟ್ ಸಾಲಿನಲ್ಲೇ ಕೊಡಿ." ಕ್ರಿಯಾಪದದಲ್ಲಿ ಸರಾಗವಾಗಿ ಹೋಗುತ್ತದೆ. ಆದರೆ ಪಟ್ಟಿಯ ತಲೆಬರಹಕ್ಕೆ ನಾಮಪದ ಬೇಕೇ ಬೇಕು. ನಿಮ್ಮ ಊರ ಕಡೆ, ಹೊಲದಲ್ಲೋ ಮಗ್ಗದಲ್ಲೋ ಅಡುಗೆಮನೆಯಲ್ಲೋ, ಬೇಕಂತ ಸ್ವಲ್ಪ ಹೊತ್ತು ತಡೆದು ನಿಲ್ಲಿಸೋದಕ್ಕೆ ಏನಾದರೂ ಪದ ಇದೆಯಾ?