ಅಡಿಕೆ ಕೋಣೆಯಲ್ಲಿ ಸಿಎಫ್‌ಎಲ್ ಒಡೆದಿದೆ, ಏನು ಮಾಡಲಿ?

ಪೆರ್ಲದ ಗೃಹಿಣಿ:
ಅಡಿಕೆ ಸುಲಿಯುವ ಕೋಣೆಯ ಹಳೆಯ ಸಿಎಫ್‌ಎಲ್ ಈಗಷ್ಟೇ ಬಿದ್ದು ಚೂರಾಯಿತು. ಸಿಮೆಂಟ್ ನೆಲದ ಮೇಲೆ ಗಾಜು, ಹಾಸಿದ್ದ ಖಾಲಿ ಗೋಣಿಯ ನೂಲಿನ ಸಂದಿಯಲ್ಲೆಲ್ಲ ಬಿಳಿ ಹುಡಿ. ಕೆಲಸದಾಕೆ ಹಿಡಿಸೂಡಿ ತಂದಳು, ತಡೆದೆ. "ಪಾದರಸ ಇರುವುದು ಒಂದಿಷ್ಟೇ, ಹೆದರಬೇಡ ಅಮ್ಮಾ" ಎನ್ನುತ್ತಾನೆ ಮಗ. ನಮ್ಮೂರ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯುತ್ತಿದ್ದಾಗಲೂ ಹೆದರಬೇಡಿ ಎಂದೇ ಹೇಳಿದ್ದರು; 2000ದವರೆಗೂ ಸುರಿದರು. ಎಣ್ಮಕಜೆಯವಳಾದ ನನಗೆ ಸಮಾಧಾನ ಬೇಡ, ಲೆಕ್ಕ ಬೇಕು.

ಅಟ್ಟದಲ್ಲಿ ಇಂಥದ್ದೇ ಕೆಟ್ಟ ಬಲ್ಬು, ಟ್ಯೂಬ್‌ಲೈಟುಗಳ ಪೆಟ್ಟಿಗೆಯೊಂದಿದೆ. ಗುಡ್ಡೆಯಲ್ಲಿ ಹೂಳೋಣ ಎನ್ನುತ್ತಾರೆ ಮನೆಯವರು. ನಾವು ಕುಡಿಯುವ ನೀರಿನ ಸುರಂಗ ಇರುವುದು ಅದೇ ಗುಡ್ಡೆಯ ಒಳಗೆ!

ನೀರ್ಚಾಲಿನ ನಿವೃತ್ತ ಮಾಸ್ತರ್:
ಲೆಕ್ಕ ಇಲ್ಲಿದೆ ತಂಗೀ. ಮನೆಬಳಕೆಯ ಸಿಎಫ್‌ಎಲ್‌ನಲ್ಲಿ ಸಾಮಾನ್ಯವಾಗಿ ಸುಮಾರು 5 ಮಿಲಿಗ್ರಾಂ ಪಾದರಸ. ಹಳೆಯ ಜ್ವರಮಾಪಕದಲ್ಲಿ ಸುಮಾರು 500. ಒಂದು ಬಲ್ಬಿಗೆ ಗಾಬರಿ ಬೇಡ, ಆದರೆ ಆವಿಯನ್ನು ಉಸಿರಾಡಬಾರದು. ಕಿಟಕಿ ತೆರೆದು ಹದಿನೈದು ನಿಮಿಷ ಎಲ್ಲರೂ ಹೊರಗಿರಿ. ಬಳಿಕ ಕೈಗವಸು ಹಾಕಿ, ದಪ್ಪ ರಟ್ಟಿನಿಂದ ಚೂರು ಬಾಚಿ, ಉಳಿದ ಹುಡಿಗೆ ಅಂಟುಪಟ್ಟಿ ಒತ್ತಿ ತೆಗೆಯಿರಿ. ಎಲ್ಲವೂ ಮುಚ್ಚಳವಿರುವ ಗಾಜಿನ ಭರಣಿಗೆ. ಹಿಡಿಸೂಡಿ, ವ್ಯಾಕ್ಯೂಮ್ ಎರಡೂ ಬೇಡ, ಹುಡಿಯನ್ನು ಹಾರಿಸುತ್ತವೆ. ಗೋಣಿಯ ಆಸೆ ಬಿಡಿ. ತೋಡಿನಲ್ಲಿ ಒಗೆಯಬೇಡಿ, ಒಲೆಗಂತೂ ಹಾಕಲೇಬೇಡಿ, ಚೀಲದಲ್ಲಿ ಕಟ್ಟಿಡಿ.

ಹೂಳುವ ಮಾತೇ ಬೇಡ. ನೀರು ಸೇರಿದ ಪಾದರಸವನ್ನು ಬ್ಯಾಕ್ಟೀರಿಯಾಗಳು ಮಿಥೈಲ್ ಪಾದರಸವಾಗಿಸುತ್ತವೆ, ಅದು ಮೀನಿನ ಮೈಯಲ್ಲಿ ಕೂಡಿಕೊಳ್ಳುತ್ತದೆ. 1956ರಲ್ಲಿ ಬೆಳಕಿಗೆ ಬಂದ ಜಪಾನಿನ ಮಿನಮಾಟಾ ಕಾಯಿಲೆಗೆ ಕಾರಣ ಈ ಮಿಥೈಲ್ ಪಾದರಸವೇ. ಅಲ್ಲಿ ಕಾರ್ಖಾನೆಯೇ ಅದನ್ನು ಸಮುದ್ರಕ್ಕೆ ಬಿಟ್ಟಿತ್ತು.

ಮುಳ್ಳೇರಿಯದ ವಯರಿಂಗ್ ಕೆಲಸಗಾರ:
ಅಕ್ಕಾ, ಇನ್ನು ಎಲ್‌ಇಡಿ ಹಾಕಿಸಿ, ಅದರಲ್ಲಿ ಪಾದರಸವಿಲ್ಲ. ಮಲಗುವ ಕೋಣೆಗೆ 6500 ಕೆಲ್ವಿನ್‌ನ ಬೆಳ್ಳನೆಯದು ಬೇಡ, ಅದರ ನೀಲಿ ಬೆಳಕು ರಾತ್ರಿ ನಿದ್ದೆ ಕೆಡಿಸುತ್ತದೆ. 3000ದ ಹಳದಿ ಕೇಳಿ. ತೀರಾ ಅಗ್ಗದ್ದು ಕಣ್ಣಿಗೆ ಕಾಣದಂತೆ ಮಿನುಗುತ್ತದೆ, ಕೆಲವರಿಗೆ ತಲೆನೋವು. ಕೆಟ್ಟ ಎಲ್‌ಇಡಿಯೂ ಇ-ತ್ಯಾಜ್ಯವೇ, ಒಳಗೆ ಸರ್ಕ್ಯೂಟ್ ಇದೆ.

ಪೆರ್ಲದ ಗೃಹಿಣಿ:
ಮಾಸ್ತರರೇ, ಹೇಳಿದಂತೆಯೇ ಮಾಡಿದೆ. ಅಂಟುಪಟ್ಟಿಗೆ ಬಂದ ಹುಡಿ ನೋಡಿದ ಮೇಲೆ ಮನೆಯವರೂ ಗೋಣಿಯ ಸುದ್ದಿ ಬಿಟ್ಟರು. ಭರಣಿಯನ್ನು ತೆಂಗಿನಕಾಯಿ ಕೊಟ್ಟಿಗೆಯಲ್ಲಿ ಇಟ್ಟಿದ್ದೇನೆ. ಪ್ಲಾಸ್ಟಿಕ್ ಒಯ್ಯಲು ಬರುವ ಹರಿತ ಕರ್ಮ ಸೇನೆಯವರು ಇದಕ್ಕೆ ಬೇರೆ ದಿನ ಎನ್ನುತ್ತಾರೆ. ಟ್ಯೂಬ್‌ಲೈಟನ್ನೂ ಸೇರಿಸಿ ಒಯ್ದ ವಾರ್ಡು ಈ ಕಡೆ ಯಾವುದಾದರೂ ಇದ್ದರೆ ತಿಳಿಸಿ, ನಮ್ಮ ಮೆಂಬರರಿಗೆ ತೋರಿಸಬೇಕು.