ಸಹಾಯ ಬೇಕು: ಹೆಂಚಿನ ಮಾಡು ಗೋಡೆಗೆ ತಾಗುವಲ್ಲಿ ಸೋರಿಕೆ

ಮಲ್ಪೆ ಕಡೆ ಹಳೆಯ ಹೆಂಚಿನ ಮನೆ, ಪತ್ತನಾಜೆಯೊಳಗೆ (ಮೇ ಕೊನೆಗೆ ಬರುವ ತುಳುನಾಡಿನ ದಿನ, ಮಳೆಗಾಲಕ್ಕೆ ಮೊದಲು) ಮಾಡಿನ ಕೆಲಸ ಮುಗಿಯಬೇಕು. ಒಡೆದ ಹೆಂಚು, ಗೆದ್ದಲು ಹಿಡಿದ ರೀಪು (ಹೆಂಚು ಕೂರುವ ಮರದ ಪಟ್ಟಿ) ಬದಲಾಯಿಸುವುದು, ದಂಬೆಯ (ಮಳೆನೀರು ಹರಿಯುವ ದೋಣಿ) ತರಗೆಲೆ ತೆಗೆಯುವುದು ದೊಡ್ಡ ವಿಷಯವಲ್ಲ. ತಲೆನೋವೆಂದರೆ, ಮಾಡು ಗೋಡೆಗೆ ಸೇರುವ ಜಾಗ. ಬರೀ ಸಿಮೆಂಟ್ ಮೆತ್ತಿದರೆ ನಿಲ್ಲುವುದಿಲ್ಲ: ಬಿಸಿಲು, ತೇವಕ್ಕೆ ಪಕ್ಕಾಸು (ಮಾಡು ಹೊರುವ ಮರದ ತೊಲೆ) ಅಲುಗುತ್ತದೆ, ಗೋಡೆ ಅಲುಗುವುದಿಲ್ಲ. ಕೂದಲೆಳೆಯಷ್ಟು ಬಿರುಕು ಸಾಕು, ಗಾಳಿಮಳೆಗೆ ನೀರು ಒಳಗೆ.

ಗೋಡೆಯಲ್ಲಿ 1 ಇಂಚು ಆಳ ಗೀರು ಕೊರೆದು ತಗಡಿನ ಒಂದಂಚು ಸಿಕ್ಕಿಸಿ, ಇನ್ನೊಂದನ್ನು ಹೆಂಚಿನ ಮೇಲೆ 6 ಇಂಚು ಇಳಿಸುವ ಯೋಚನೆ. ಉಪ್ಪುಗಾಳಿಗೆ ಜಿಐ (ಸತು ಲೇಪಿಸಿದ ಕಬ್ಬಿಣದ ತಗಡು) ತುಕ್ಕು ಹಿಡಿಯುತ್ತದೆ, ಅದಕ್ಕೆ ಅಲ್ಯುಮಿನಿಯಂ. ಹಸಿ ಸಿಮೆಂಟ್ ಅದನ್ನೂ ತಿನ್ನುವುದರಿಂದ ಗೀರಿಗೆ ಪಾಲಿಯುರೆಥೇನ್ ಸೀಲೆಂಟ್ (ಸಂದು ಮುಚ್ಚುವ ಅಂಟು).

ಗಾಳಿಗೆ ಪಟಪಟ ಬಡಿಯದಿರಲು ತಗಡು ಎಷ್ಟು ದಪ್ಪ ಬೇಕು? ಹೆಂಚಿನ ಏರಿಳಿತಕ್ಕೆ ಕೂರುವಂತೆ ಬಗ್ಗಿಸುವವರು ಉಡುಪಿ ಸುತ್ತ ಯಾರಾದರೂ ಇದ್ದಾರಾ?